ಪಥ್ಯವೂ ಪರೀಕ್ಷೆಯೂ

ನಮ್ಮ ನಾಡಿನಲ್ಲಿ ಆಹಾರವನ್ನು ಕುರಿತು ಉಪದೇಶ ಮಾಡದವರಿಲ್ಲ. ಮನೋವ್ಯಾಧಿಯನ್ನು ಕುರಿತು ಬಾಯಿ ತೆರೆಯುವವರಿಲ್ಲ. ಈ ಎರಡು ಅಭ್ಯಾಸಗಳೂ ಒಂದೇ ಮನೆಯಲ್ಲಿ ಕೂಡಿದಾಗ ರೋಗಿಗೆ ಒದಗುವ ಕೇಡು ಎಂಥದೆಂಬುದನ್ನೂ, ಅದನ್ನು ತಪ್ಪಿಸಲು ವಿದ್ಯಾವಂತ ಕುಟುಂಬಗಳು ಮಾಡತಕ್ಕ ಕಾರ್ಯ ಯಾವುದೆಂಬುದನ್ನೂ ಈ ಪತ್ರಿಕೆಯ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ. ಕೆಲವರಿಗೆ ಇದು ಅಪ್ರಿಯವಾದೀತು. ಪ್ರಿಯವಾದುದನ್ನು ಹೇಳುವವರು ಬೇಕಾದಷ್ಟು ಮಂದಿ ಇರುವುದರಿಂದ ಆ ಕೆಲಸ ನನಗೆ ಉಳಿದಿಲ್ಲ.

ಇಲ್ಲಿ ವಿಚಾರಕ್ಕೆ ಬಂದಿರುವ ವ್ಯಾಧಿಯನ್ನು ಈಗಿನ ವೈದ್ಯರು ಬೈಪೋಲಾರ್ ಎನ್ನುವರು; ಹಿಂದಿನ ಮಾತಿನಲ್ಲಿ ಹೇಳುವುದಾದರೆ ಅದು ಉನ್ಮಾದ-ವಿಷಾದಗಳ ವ್ಯಾಧಿ. ಕೆಲವು ವಾರ ಅಥವಾ ತಿಂಗಳುಗಳ ಕಾಲ ರೋಗಿಗೆ ನಿದ್ರೆ ಬೇಡ, ಹಣದ ಲೆಕ್ಕ ಬೇಡ, ಮಾತಿಗೆ ತಡೆಯಿಲ್ಲ. ತನ್ನಿಂದಾಗದ ಕಾರ್ಯವೇ ಇಲ್ಲವೆಂಬ ಉಬ್ಬರ. ಮತ್ತೊಂದು ಕಾಲದಲ್ಲಿ ಹಾಸಿಗೆಯಿಂದ ಏಳಲಾರದ, ಉಣ್ಣಲಾರದ, ಬದುಕುವುದಕ್ಕೇ ಮನಸ್ಸಿಲ್ಲದ ಇಳಿತ. ಇವೆರಡರ ನಡುವೆ, ಎಲ್ಲರಂತೆ ಕಚೇರಿಗೆ ಹೋಗಿಬರುವ, ಮಕ್ಕಳಿಗೆ ಪಾಠ ಹೇಳಿಕೊಡುವ ಸಮಚಿತ್ತದ ದಿನಗಳು. ನಿಮ್ಹಾನ್ಸ್ ಎಂದು ಎಲ್ಲರೂ ಬಲ್ಲ ನಮ್ಮ ಬೆಂಗಳೂರಿನ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಐದು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ವ್ಯಾಧಿ ತಗಲಿರುತ್ತದೆ; ತಗಲಿದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲ. ಇದೇ ಪ್ರಮಾಣವನ್ನು ಯಲಹಂಕ, ಹೆಬ್ಬಾಳ, ರವೀಂದ್ರನಾಥ ಟಾಗೋರ್ ನಗರ, ಯಶವಂತಪುರಗಳಿಗೆ ಅನ್ವಯಿಸಿ ನೋಡಿದರೆ, ನಾವು ದಿನವೂ ಓಡಾಡುವ ಬೀದಿಗಳಲ್ಲಿಯೇ ಇಂಥ ಮನೆಗಳು ನೂರಾರು ಇರಬೇಕು. ಅವುಗಳ ಕದ ಮುಚ್ಚಿದೆ.

ಈ ವ್ಯಾಧಿಗೂ ದೇಹವು ಅನ್ನವನ್ನು ಅರಗಿಸಿ ಶಕ್ತಿಯನ್ನಾಗಿ ಮಾಡಿಕೊಳ್ಳುವ ಕ್ರಮಕ್ಕೂ, ಎಂದರೆ ಚಯಾಪಚಯಕ್ಕೂ, ಏನೋ ಒಂದು ನಂಟಿದೆ ಎಂಬುದು ಇಂದು ನಿನ್ನೆಯ ಮಾತಲ್ಲ. ಮನೋವ್ಯಾಧಿಗಳಿರುವ ಮನೆತನಗಳಲ್ಲಿ ಮಧುಮೇಹವೂ ಹೆಚ್ಚಾಗಿ ಕಾಣುವುದೆಂದು ಆಂಗ್ಲ ವೈದ್ಯ ಹೆನ್ರಿ ಮಾಡ್ಸ್ಲಿ 1879ರಲ್ಲಿಯೇ ಬರೆದನು. ಬೈಪೋಲಾರ್ ವ್ಯಾಧಿಯುಳ್ಳವರಲ್ಲಿ ಸ್ಥೂಲಕಾಯ, ಮಧುಮೇಹ, ಹೃದ್ರೋಗಗಳು ಇತರರಿಗಿಂತ ಅಧಿಕ. ಅವರ ಆಯುಸ್ಸು ಇತರರಿಗಿಂತ ಸುಮಾರು ಹತ್ತು ವರ್ಷ ಕಡಮೆ. ಇದಕ್ಕೆ ಆತ್ಮಹತ್ಯೆ ಒಂದೇ ಕಾರಣವಲ್ಲ, ಹೃದಯದ ಕಾಯಿಲೆಯೂ ದೊಡ್ಡ ಕಾರಣ. ಮನಸ್ಸನ್ನು ಹಿಡಿತಕ್ಕೆ ತರುವ ಕೆಲವು ಔಷಧಗಳೇ ಮೈತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸುವುದುಂಟು. ಆದರೆ ಔಷಧವನ್ನು ಇನ್ನೂ ಮುಟ್ಟದವರಲ್ಲಿಯೂ ಈ ಅವ್ಯವಸ್ಥೆ ಕೆಲಮಟ್ಟಿಗೆ ಕಂಡುಬಂದಿರುವುದರಿಂದ, ಎಲ್ಲ ದೋಷವನ್ನೂ ಮಾತ್ರೆಯ ತಲೆಗೆ ಕಟ್ಟುವಂತಿಲ್ಲ.

ಹೀಗಿರುವಾಗ, ಆಹಾರವನ್ನು ಬದಲಿಸಿದರೆ ಮನಸ್ಸಿನ ಏರಿಳಿತ ತಗ್ಗೀತೇ ಎಂಬ ಪ್ರಶ್ನೆ ಏಳುವುದು ಸಹಜ. 1921ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ರಸೆಲ್ ವೈಲ್ಡರ್ ಎಂಬ ವೈದ್ಯನು ಅಪಸ್ಮಾರ ರೋಗಿಗಳಿಗಾಗಿ ಒಂದು ಪಥ್ಯವನ್ನು ಸೂಚಿಸಿದನು. ಧಾನ್ಯ ಸಕ್ಕರೆಗಳನ್ನು ಬಹುಮಟ್ಟಿಗೆ ಬಿಟ್ಟು, ಜಿಡ್ಡಿನ ಪದಾರ್ಥಗಳನ್ನೇ ಪ್ರಧಾನವಾಗಿ ತಿಂದರೆ, ದೇಹವು ಸಕ್ಕರೆಗೆ ಬದಲಾಗಿ ಕೊಬ್ಬನ್ನು ಉರಿಸಿ ಕೀಟೋನ್ ಎಂಬ ದ್ರವ್ಯಗಳನ್ನು ಮಾಡುವುದು. ಮಿದುಳು ಅದರಿಂದ ನಡೆಯುವುದು. ಅಪಸ್ಮಾರದ ಫಿಟ್ಸುಗಳು ಇದರಿಂದ ಎಷ್ಟೋ ಮಕ್ಕಳಲ್ಲಿ ಕಡಮೆಯಾದುವು. ಈಗ ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಮೊದಲಾದ ಔಷಧಗಳೇ ಬೈಪೋಲಾರ್ ವ್ಯಾಧಿಗೂ ಸಲ್ಲುತ್ತಿರುವುದರಿಂದ, ಒಂದಕ್ಕೆ ಹಿಡಿದ ಪಥ್ಯ ಇನ್ನೊಂದಕ್ಕೂ ಹಿಡಿದೀತೆಂಬ ಅನುಮಾನ ಹುಟ್ಟಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವಿದ್ವಾಂಸರು ಇದನ್ನು ಪರೀಕ್ಷಿಸಹೊರಟಾಗ 26 ಮಂದಿ ರೋಗಿಗಳು ಪಥ್ಯವನ್ನು ಆರಂಭಿಸಿ, 20 ಮಂದಿ ಕೊನೆ ಮುಟ್ಟಿಸಿದರು. ಆ ಸಂಶೋಧನೆಯ ಮುಂದಾಳುಗಳಲ್ಲಿ ಒಬ್ಬರಾದ ಇಯನ್ ಕ್ಯಾಂಪ್‌ಬೆಲ್ ತಾವೇ ಈ ವ್ಯಾಧಿಯುಳ್ಳವರೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 21 ಮಂದಿ ನಾಲ್ಕು ತಿಂಗಳು ಇಂಥದೇ ಪಥ್ಯ ನಡೆಸಿದ ವರದಿ 2024ರಲ್ಲಿ ಪ್ರಕಟವಾಯಿತು. ಕೆನಡಾದಲ್ಲಿ, ದೇಹವು ಇನ್ಸುಲಿನ್‌ಗೆ ಸರಿಯಾಗಿ ಓಗೊಡದ, ಔಷಧಕ್ಕೂ ವಿಷಾದ ಬಗ್ಗದ 45 ಮಂದಿಯಲ್ಲಿ ಕೆಲವರಿಗೆ ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟು ನೋಡಿದರು. ಇನ್ಸುಲಿನ್ ದೋಷ ಸರಿಹೋದವರಲ್ಲಿ ವಿಷಾದವೂ ತಗ್ಗಿತೆಂದು 2022ರಲ್ಲಿ ಬರೆದರು.

ಇವೆಲ್ಲ ಆಶೆಗೆ ಎಡೆಗೊಡುವ ಸಂಗತಿಗಳು. ಆದರೆ 20, 21, 45 ಎಂಬ ಅಂಕೆಗಳನ್ನು ಗಮನಿಸಬೇಕು. ಸ್ಕಾಟ್ಲೆಂಡ್ ಮತ್ತು ಸ್ಟ್ಯಾನ್‌ಫರ್ಡುಗಳ ಪಥ್ಯಪರೀಕ್ಷೆಗಳಲ್ಲಿ ಹೋಲಿಸಿ ನೋಡಲು ಪಥ್ಯವಿಲ್ಲದ ಇನ್ನೊಂದು ತಂಡವಿರಲಿಲ್ಲ. ಅವುಗಳನ್ನು ನಡೆಸಿದವರೇ ಇವು ಮೊದಲ ಹೆಜ್ಜೆಗಳೆಂದು ಹೇಳಿಕೊಂಡಿರುವರು. ಹೀಗೆ ಅವರು ಸಂಕೋಚದಿಂದ ಹೇಳಿದ ಮಾತನ್ನು ನಮ್ಮ ಊರಿನ ಪಥ್ಯೋಪದೇಶಕರು ಸಂಕೋಚವಿಲ್ಲದೆ ಸಾರುತ್ತಿದ್ದಾರೆ. ಒಬ್ಬರು ತುಪ್ಪ ಕುಡಿಸಿರಿ ಎನ್ನುವರು, ಒಬ್ಬರು ತುಪ್ಪ ಬಿಡಿಸಿರಿ ಎನ್ನುವರು. ಸಿರಿಧಾನ್ಯ, ಉಪವಾಸ, ಹಸಿ ಸೊಪ್ಪಿನ ರಸ, ಒಂದೊಂದಕ್ಕೂ ಒಬ್ಬೊಬ್ಬ ಆಚಾರ್ಯ. ಪ್ರತಿಯೊಬ್ಬರ ಮಾತಿನ ಕೊನೆಯಲ್ಲಿಯೂ ‘ಮಾತ್ರೆಯನ್ನು ನಿಧಾನವಾಗಿ ಬಿಟ್ಟುಬಿಡಿ’ ಎಂಬ ವಾಕ್ಯ ಒಂದುಂಟು. ನನ್ನ ಆಕ್ಷೇಪಣೆಯೆಲ್ಲ ಮುಖ್ಯವಾಗಿ ಆ ವಾಕ್ಯದ ಮೇಲೆ.

ಪಥ್ಯವನ್ನು ನಂಬುವುದಾದರೆ ಅದನ್ನು ಪರೀಕ್ಷೆಗೆ ಒಪ್ಪಿಸಬೇಕು. ಪರೀಕ್ಷೆ ನಡೆಯಬೇಕಾದರೆ ವ್ಯಾಧಿಯುಳ್ಳವರೂ ಅವರ ಮನೆಯವರೂ ಮುಂದೆ ಬಂದು ಸಂಶೋಧನೆಯಲ್ಲಿ ಸೇರಬೇಕು. ಇದು ನನ್ನ ಪಕ್ಷ. ಇದಕ್ಕೆ ವಿರುದ್ಧವಾಗಿ ಕೇಳಿಬರುವ ಪೂರ್ವಪಕ್ಷಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು ವಿದ್ವಜ್ಜನರ ಪಕ್ಷ. ‘ಆಹಾರದೋಷದಿಂದ ಉನ್ಮಾದ ಹುಟ್ಟುವುದೆಂದು ನಮ್ಮ ಶಾಸ್ತ್ರದಲ್ಲಿ ಆಗಲೇ ಹೇಳಿದೆ. ಪಾಶ್ಚಾತ್ಯರು ಈಗ ಕಣ್ಣು ತೆರೆದರೆ ನಾವೇಕೆ ಅವರ ಪರೀಕ್ಷೆಗೆ ಕಾಯಬೇಕು?’ ಚರಕಸಂಹಿತೆಯಲ್ಲಿ ಉನ್ಮಾದದ ಕಾರಣಗಳನ್ನು ಹೇಳುವಾಗ ವಿರುದ್ಧವೂ ದುಷ್ಟವೂ ಅಶುಚಿಯೂ ಆದ ಭೋಜನವನ್ನು ಮೊದಲಿಗೇ ಎಣಿಸಿರುವುದು ನಿಜ. ಅದನ್ನು ಓದಿ ನಾನೂ ಹೆಮ್ಮೆಪಡುವವನೇ. ಆದರೆ ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ, ಆಪ್ತರ ಉಪದೇಶ, ಪ್ರತ್ಯಕ್ಷ, ಅನುಮಾನ ಇವುಗಳ ಜೊತೆಗೆ ಯುಕ್ತಿಯೆಂಬ ನಾಲ್ಕನೆಯದನ್ನೂ ಸೇರಿಸಿ, ಈ ನಾಲ್ಕನ್ನೂ ‘ಪರೀಕ್ಷೆ’ ಎಂಬ ಹೆಸರಿನಿಂದಲೇ ಕರೆದಿದೆ. ಗ್ರಂಥದ ವಾಕ್ಯವನ್ನು ಹಿಡಿದುಕೊಂಡು ಗ್ರಂಥವೇ ವಿಧಿಸಿದ ಪರೀಕ್ಷೆಯನ್ನು ಬಿಡುವವನು ಆ ಗ್ರಂಥದ ಭಕ್ತನಿರಬಹುದು, ವಿದ್ಯಾರ್ಥಿಯಲ್ಲ. ಮೇಲಾಗಿ, ಚರಕನು ಹೇಳಿದ ಉನ್ಮಾದದಲ್ಲಿ ಈಗಿನ ಎಷ್ಟೋ ವ್ಯಾಧಿಗಳು ಅಡಗಿವೆ. ಅವುಗಳಲ್ಲಿ ಯಾವುದಕ್ಕೆ ಯಾವ ಭೋಜನ, ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬುದನ್ನು ಶ್ಲೋಕದಿಂದ ತೆಗೆಯಲು ಬರುವುದಿಲ್ಲ.

ಇದಕ್ಕೆ ನಮ್ಮ ಸರ್ಪಗಂಧಿಯೇ ದೃಷ್ಟಾಂತ. ಅದರ ಬೇರನ್ನು ಉನ್ಮಾದಕ್ಕೆ ಕೊಡುವ ವಾಡಿಕೆ ಈ ದೇಶದಲ್ಲಿ ಹಳೆಯದು. 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರಿಬ್ಬರು, ಅದು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ರೋಗಿಗಳಲ್ಲಿ ನೋಡಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. ಜಗತ್ತಿನ ಆಸ್ಪತ್ರೆಗಳಿಗೆಲ್ಲ ಅದು ಹೋಯಿತು. ಹೋದ ಮೇಲೆ, ಅದನ್ನು ಸೇವಿಸಿದ ಕೆಲವರಲ್ಲಿ ಘೋರವಾದ ವಿಷಾದ ಕಾಣಿಸಿಕೊಂಡಿತೆಂಬ ವರದಿಗಳೂ ಬಂದುವು. ನಮ್ಮ ಬೇರಿನ ಗುಣ ಲೋಕಕ್ಕೆ ತಿಳಿದದ್ದು ಪರೀಕ್ಷೆಯಿಂದ. ಅದರ ದೋಷದ ಶಂಕೆ ಎದ್ದದ್ದೂ ಪರೀಕ್ಷೆಯಿಂದ. ಗುಣವನ್ನು ಕೊಂಡಾಡಿ ದೋಷವನ್ನು ಕೇಳದಿರುವುದು ಪಾಂಡಿತ್ಯವಲ್ಲ.

ಎರಡನೆಯದು ಅನುಭವದ ಪಕ್ಷ. ‘ನಮ್ಮ ಭಾವಮೈದುನನು ಅನ್ನ ಬಿಟ್ಟು ಆರು ವಾರದಲ್ಲಿ ನೆಟ್ಟಗಾದನು, ಇದಕ್ಕಿಂತ ಸಾಕ್ಷ್ಯ ಬೇಕೆ?’ ಬೇಕು. ಈ ವ್ಯಾಧಿಯ ಸ್ವಭಾವವೇ ಏರಿ ಇಳಿಯುವುದು. ಏನೂ ಮಾಡದಿದ್ದರೂ ಉಬ್ಬರ ಒಂದು ದಿನ ಇಳಿಯುತ್ತದೆ, ಇಳಿತವೂ ಒಂದು ದಿನ ಕಳೆಯುತ್ತದೆ. ಆ ದಿನ ರೋಗಿಯ ತಟ್ಟೆಯಲ್ಲಿ ಯಾವ ಪದಾರ್ಥವಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ನಂಟು ಕಟ್ಟುವ ಕಾಕತಾಲೀಯನ್ಯಾಯವನ್ನು ನಮ್ಮ ಶಾಸ್ತ್ರಕಾರರು ತಿಳಿಸಿದ್ದು ಇಂಥ ಮಾತುಗಳಿಂದ ನಮ್ಮನ್ನು ಕಾಪಾಡುವುದಕ್ಕಾಗಿಯೇ. ಪಥ್ಯವಿದ್ದಾಗ ಗುಣವುಂಟೆಂಬ ಅನ್ವಯ ಸಾಲದು. ಪಥ್ಯವಿಲ್ಲದಾಗ ಗುಣವಿಲ್ಲವೆಂಬ ವ್ಯತಿರೇಕವೂ ಸಿದ್ಧವಾಗಬೇಕು. ಅದಕ್ಕೆ ಒಂದೇ ಬಗೆಯ ವ್ಯಾಧಿಯುಳ್ಳ ಎರಡು ತಂಡಗಳು ಬೇಕು. ಯಾರು ಯಾವ ತಂಡಕ್ಕೆ ಎಂಬುದನ್ನು ಚೀಟಿಯೆತ್ತಿದಂತೆ ನಿರ್ಣಯಿಸಬೇಕು. ಪಥ್ಯವನ್ನು ಮಧ್ಯದಲ್ಲಿ ಬಿಟ್ಟವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಳಿದವರನ್ನು ಮಾತ್ರ ಎಣಿಸಿದರೆ ಯಾವ ಪಥ್ಯವೂ ಗೆಲ್ಲುತ್ತದೆ.

ಇದು ನಮ್ಮ ಕಡೆಯ ರೈತರಿಗೆ ತಿಳಿಯದ ಸಂಗತಿಯಲ್ಲ. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಗಳಿಗಾಗಿ ಕೊಟ್ಟರು. ಆಗಿನಿಂದ ಇಂದಿನ ಕೃಷಿ ವಿಶ್ವವಿದ್ಯಾನಿಲಯದವರೆಗೆ ಅಲ್ಲಿ ನಡೆದುಬಂದ ಪದ್ಧತಿಯೇನು? ಹೊಸ ತಳಿಯನ್ನು ಹಳೆಯ ತಳಿಯ ಪಕ್ಕದ ಮಡಿಯಲ್ಲಿ, ಅದೇ ಮಣ್ಣು, ಅದೇ ಮಳೆ, ಅದೇ ಗೊಬ್ಬರದಲ್ಲಿ ಬೆಳೆದು, ಒಂದಲ್ಲ ಹಲವು ಹಂಗಾಮು ತೂಗಿ ನೋಡಿ, ಆಮೇಲೆ ರೈತನ ಕೈಗೆ ಕೊಡುವುದು. ‘ರಾಗಿ ಬ್ರಹ್ಮ’ರೆಂದು ಹೆಸರಾದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ತೆಗೆದ ಇಂಡಾಫ್ ತಳಿಗಳು ಹೊಲಕ್ಕೆ ಬಂದದ್ದು ಹೀಗೆ, ಯಾರದೋ ಭಾವಮೈದುನನ ಹೊಲದಲ್ಲಿ ಚೆನ್ನಾಗಿ ಬಂತೆಂಬ ಮಾತಿನಿಂದಲ್ಲ. ರಾಗಿಯ ಬೀಜಕ್ಕೆ ಮಾಡಿದ ಮರ್ಯಾದೆಯನ್ನು ಮನುಷ್ಯನ ಬುದ್ಧಿಗೆ ಮಾಡಬಾರದೇ?

ಮೂರನೆಯದು ಸ್ವತಂತ್ರರ ಪಕ್ಷ. ‘ಸಂಶೋಧನೆಯ ಗೊಡವೆ ಬೇಡ, ಮನೆಯಲ್ಲಿಯೇ ನೋಡಿಬಿಡುತ್ತೇವೆ. ಊಟ ಬದಲಿಸಿದರೆ ಏನು ಪ್ರಾಣ ಹೋಗುತ್ತದೆಯೇ?’ ಹೋಗಬಹುದು. ಈ ವ್ಯಾಧಿಗೆ ಈಗಲೂ ಶ್ರೇಷ್ಠವೆನಿಸಿರುವ ಔಷಧಗಳಲ್ಲಿ ಒಂದು ಲಿಥಿಯಂ ಎಂಬ ಲವಣ. ಅದು ಸಿಕ್ಕಿದ್ದೂ ಚಯಾಪಚಯದ ವಿಚಾರದಿಂದಲೇ. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಉನ್ಮಾದಿಗಳ ದೇಹದಲ್ಲಿ ಯಾವುದೋ ವಿಷದ್ರವ್ಯ ಹೆಚ್ಚಾಗಿ ಮೂತ್ರದಲ್ಲಿ ಹೊರಬೀಳುವುದೆಂದು ಊಹಿಸಿ, ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡುತ್ತ ಲಿಥಿಯಂನ ಶಮನಗುಣವನ್ನು ಕಂಡನು. ಮೊದಲು ತಾನೇ ನುಂಗಿ ನೋಡಿ, ಬಳಿಕ ಹತ್ತು ಮಂದಿ ಉನ್ಮಾದಿಗಳಿಗೆ ಕೊಟ್ಟು, 1949ರಲ್ಲಿ ಪ್ರಕಟಿಸಿದನು. ಊಹೆ ನಿಲ್ಲಲಿಲ್ಲ, ಪರೀಕ್ಷೆಯಲ್ಲಿ ಕಂಡ ಗುಣ ನಿಂತಿತು. ಅದೇ 1949ರಲ್ಲಿ ಅಮೆರಿಕದಲ್ಲಿ ಉಪ್ಪು ಬಿಟ್ಟ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಾಗಿ ಇದೇ ಲಿಥಿಯಂನ ಒಂದು ಲವಣವನ್ನು ಅಂಗಡಿಗಳಲ್ಲಿ ಮಾರಿ, ಕೆಲವರು ಸತ್ತರು. ಅಳತೆಯಿಟ್ಟು ಕೊಟ್ಟಾಗ ಔಷಧವಾದುದು ಅಳತೆಯಿಲ್ಲದೆ ಪಥ್ಯದ ಹೆಸರಿನಲ್ಲಿ ತಿಂದಾಗ ವಿಷವಾಯಿತು. 1954ರಲ್ಲಿ ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ ಮೊದಲಾದವರು ಹುಸಿಮಾತ್ರೆಯೊಡನೆ ಹೋಲಿಸಿ ಪರೀಕ್ಷಿಸಿದ ಮೇಲೆಯೇ ಇದಕ್ಕೆ ವೈದ್ಯಲೋಕದಲ್ಲಿ ಬೆಲೆ ಬಂದದ್ದು.

ಲಿಥಿಯಂ ಸೇವಿಸುವವರ ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನಷ್ಟು ಇರಬೇಕು, 1.5 ದಾಟಿದರೆ ಕೈನಡುಕ, ವಾಂತಿ, ತೊದಲು, ಮಂಪರು. ಗುಣಕ್ಕೂ ವಿಷಕ್ಕೂ ನಡುವಣ ಅಂತರ ಇಷ್ಟೇ. ದೇಹದಲ್ಲಿ ನೀರು ಮತ್ತು ಉಪ್ಪು ಕಡಮೆಯಾದರೆ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಡುತ್ತವೆ. ಅದೇ ಮಾತ್ರೆ, ಅದೇ ತೂಕ, ಆದರೆ ರಕ್ತದಲ್ಲಿ ಮಟ್ಟ ಏರುತ್ತದೆ. ನೀರೂ ಮುಟ್ಟದ ಏಕಾದಶಿಯ ಉಪವಾಸ, ‘ಬಿ.ಪಿ.ಗೆ ಒಳ್ಳೆಯದು’ ಎಂದು ಹಠಾತ್ತಾಗಿ ಉಪ್ಪು ಬಿಡುವುದು, ಬೇಸಗೆಯಲ್ಲಿ ಭೇದಿ, ಇವೆಲ್ಲ ಇಂಥವರಿಗೆ ಸಾಮಾನ್ಯ ಸಂಗತಿಗಳಲ್ಲ. ಧಾನ್ಯ ಬಿಟ್ಟು ಕೊಬ್ಬನ್ನೇ ತಿನ್ನುವ ಪಥ್ಯದ ಮೊದಲ ದಿನಗಳಲ್ಲಿಯೂ ದೇಹದಿಂದ ನೀರು ಉಪ್ಪುಗಳು ಹೆಚ್ಚಾಗಿ ಹೋಗುತ್ತವೆ. ಸಂಶೋಧನೆಯಲ್ಲಿ ಸೇರಿದವರ ರಕ್ತವನ್ನು ಆಗಾಗ ನೋಡುವರು, ಅಪಾಯ ಕಂಡರೆ ನಿಲ್ಲಿಸುವರು. ಮನೆಯಲ್ಲಿ ಗುಟ್ಟಾಗಿ ಮಾಡುವವರನ್ನು ನೋಡುವವರು ಯಾರು? ನಮ್ಮ ಜನ ಅಪಾಯಕ್ಕೆ ಹೆದರಿ ಪರೀಕ್ಷೆಯಿಂದ ದೂರವಿದ್ದಾರೆಂಬುದು ನಿಜವಲ್ಲ. ಪರೀಕ್ಷೆ ಮನೆಮನೆಯಲ್ಲಿಯೂ ನಡೆಯುತ್ತಿದೆ. ಅದನ್ನು ಅಳೆಯುವವರಿಲ್ಲ, ಬರೆದಿಡುವವರಿಲ್ಲ, ಅದರಿಂದ ಇನ್ನೊಬ್ಬರಿಗೆ ಪ್ರಯೋಜನವಿಲ್ಲ.

ನಾಲ್ಕನೆಯದು ಸ್ವಾಭಿಮಾನಿಗಳ ಪಕ್ಷ. ‘ನಾವೇನು ಪ್ರಯೋಗಶಾಲೆಯ ಇಲಿಗಳೇ?’ ಈ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಬಡವರ ದೇಹವನ್ನು ಅವರಿಗೆ ತಿಳಿಯದಂತೆ ಬಳಸಿಕೊಂಡ ಉದಾಹರಣೆಗಳು ಲೋಕದಲ್ಲಿ ಉಂಟು. ಇಲಿಗೂ ಮನುಷ್ಯನಿಗೂ ಇರುವ ಭೇದ ಸಮ್ಮತಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾನೂನು, ಮನೋವ್ಯಾಧಿಯುಳ್ಳವನ ಮೇಲೆ ಸಂಶೋಧನೆ ಮಾಡಬೇಕಾದರೆ, ವಿಷಯವೆಲ್ಲ ತಿಳಿದು ಒತ್ತಾಯವಿಲ್ಲದೆ ಅವನೇ ಕೊಟ್ಟ ಸಮ್ಮತಿ ಬೇಕೆಂದು ವಿಧಿಸಿದೆ. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಹೊರಡಿಸಿದ ನಿಯಮಗಳಂತೆ, ಸೇರಿದವನು ಯಾವ ಗಳಿಗೆಯಲ್ಲಾದರೂ ಹೊರಗೆ ಬರಬಹುದು, ಬಂದರೆ ಅವನ ಮಾಮೂಲಿನ ಚಿಕಿತ್ಸೆಗೆ ಲೋಪವಾಗಕೂಡದು. ಸಂಶೋಧನೆಯಿಂದ ಕೇಡಾದರೆ ಪರಿಹಾರ ಸಲ್ಲಬೇಕು. ಚಿಕಿತ್ಸಾ ಪ್ರಯೋಗಗಳನ್ನು ಸಾರ್ವಜನಿಕರು ನೋಡಬಹುದಾದ ಒಂದು ಪಟ್ಟಿಯಲ್ಲಿ ದಾಖಲು ಮಾಡುವ ಏರ್ಪಾಡು 2007ರಿಂದ ಈ ದೇಶದಲ್ಲಿದೆ. ಸಮ್ಮತಿ ಕೇಳದೆ, ಶುಲ್ಕ ತೆಗೆದುಕೊಂಡು, ‘ಗುಣವಾಗುವುದು ಖಂಡಿತ’ ಎಂದು ಹೇಳಿ ಪಥ್ಯ ಮಾಡಿಸುವವನು ಇದಾವುದಕ್ಕೂ ಒಳಪಟ್ಟವನಲ್ಲ. ನಮ್ಮನ್ನು ಇಲಿಗಳನ್ನಾಗಿ ಮಾಡಿಕೊಂಡವರು ಯಾರೆಂದು ಸ್ವಾಭಿಮಾನಿಗಳು ಈಗ ಯೋಚಿಸಲಿ.

ಐದನೆಯದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲಕ್ಕಿಂತ ಬಲವಾದ ಪಕ್ಷ: ಮನೆತನದ ಮರ್ಯಾದೆ. ‘ಹೆಸರು ಹೊರಬಿದ್ದರೆ ಮಗಳ ಮದುವೆ ಏನಾಗಬೇಕು?’ ನಮ್ಮ ಮದುವೆಯ ಮಂಟಪಗಳಲ್ಲಿ ‘ನಮ್ಮ ವಂಶದಲ್ಲೇ ಸಕ್ಕರೆ ಕಾಯಿಲೆ’ ಎಂದು ಲಡ್ಡುಗೆಯನ್ನು ಪಕ್ಕದವರ ಎಲೆಗೆ ದಾಟಿಸುವ ಹಿರಿಯರನ್ನು ಎಲ್ಲರೂ ಬಲ್ಲರು. ಅದರಿಂದ ಯಾವ ಸಂಬಂಧವೂ ಮುರಿದಿಲ್ಲ. ಸಕ್ಕರೆಯ ಕಾಯಿಲೆಗೆ ಇಲ್ಲದ ನಾಚಿಕೆ, ಅದರ ನೆರೆಯದೆಂದು ಈಗ ಶಂಕಿಸುತ್ತಿರುವ ಈ ವ್ಯಾಧಿಗೇಕೆ? ಸಂಶೋಧನೆಯ ಕಾಗದಗಳಲ್ಲಿ ಹೆಸರಿನ ಬದಲು ಸಂಖ್ಯೆಯನ್ನಿಡುವ ಪದ್ಧತಿಯಿದೆ. ಗುಟ್ಟನ್ನು ಕಾಪಾಡುವ ವಿಷಯದಲ್ಲಿ ಅವರು ನಮ್ಮ ಬಂಧುಗಳಿಗಿಂತ ವಾಸಿ. ಅಡಗಿಸಿದ ವ್ಯಾಧಿಯಾದರೋ ಅಡಗಿಯೇ ಇರುವುದಿಲ್ಲ; ಚಿಕಿತ್ಸೆಯಿಲ್ಲದೆ ಉಲ್ಬಣಿಸಿ, ಎಲ್ಲರೂ ನೋಡುವ ಹೊತ್ತಿಗೇ ಹೊರಬೀಳುತ್ತದೆ.

ಮನೆತನದ ಮಾತು ಬಂದುದರಿಂದ ನಮ್ಮ ಬಾಗಿಲಿನಲ್ಲಿಯೇ ನಡೆದಿರುವ ಒಂದು ಕಾರ್ಯವನ್ನು ಹೇಳಬೇಕು. ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ರಾಗಿಯ ಮಡಿಗಳ ನೆರೆಯಲ್ಲಿಯೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಆ ಕೇಂದ್ರದವರೂ ಅಲ್ಲಿಯೇ ಇರುವ ಕಾಂಡಕೋಶ ಸಂಶೋಧನಾ ಸಂಸ್ಥೆಯವರೂ ನಿಮ್ಹಾನ್ಸ್‌ನವರೂ ಕೂಡಿ 2016ರಲ್ಲಿ ಒಂದು ದೊಡ್ಡ ಉದ್ಯಮವನ್ನು ಕೈಕೊಂಡರು. ಒಂದೇ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಗಾಢವಾದ ಮನೋವ್ಯಾಧಿಯಿರುವ ಕುಟುಂಬಗಳನ್ನು, ಅವುಗಳಲ್ಲಿ ವ್ಯಾಧಿ ತಾಗದವರನ್ನೂ ಸೇರಿಸಿ, ದೀರ್ಘಕಾಲ ಅಭ್ಯಸಿಸುವುದು. ಅವರು ಕೊಟ್ಟ ರಕ್ತದ ಕೋಶಗಳನ್ನು ಮಾರ್ಪಡಿಸಿ ಪ್ರಯೋಗಶಾಲೆಯಲ್ಲಿ ನರಕೋಶಗಳನ್ನು ಬೆಳೆಸಿ ನೋಡುವುದು. ಅಲ್ಲಿ ಆರಿಸಿಕೊಂಡ ಐದು ವ್ಯಾಧಿಗಳಲ್ಲಿ ಬೈಪೋಲಾರ್ ಒಂದು. 2023ರಲ್ಲಿ ರೋಹಿಣಿ ನಿಲೇಕಣಿಯವರ ದಾನಸಂಸ್ಥೆಯು ಐದು ವರ್ಷಗಳಿಗಾಗಿ 100 ಕೋಟಿ ರೂಪಾಯಿಗಳನ್ನು ಕೊಟ್ಟು, ಈ ಎರಡು ಸಂಸ್ಥೆಗಳ ಜಂಟಿ ಕಾರ್ಯಕ್ಕೆ ಮಿದುಳು ಮತ್ತು ಮನಸ್ಸುಗಳ ಕೇಂದ್ರವೊಂದನ್ನು ಏರ್ಪಡಿಸಿತು. ಇದು ಪಥ್ಯದ ಪರೀಕ್ಷೆಯಲ್ಲ. ಪಥ್ಯದ ಪರೀಕ್ಷೆಗೆ ತಳಹದಿಯಾಗಬಲ್ಲ ಕೆಲಸ. ಯಾರ ದೇಹದಲ್ಲಿ ಯಾವ ದೋಷವಿದೆಯೆಂದು ತಿಳಿದರೆ ತಾನೆ ಯಾರಿಗೆ ಯಾವ ಪಥ್ಯವೆಂದು ಹೇಳಲು ಬರುವುದು? ಹಣ ಬಂದಿದೆ, ವಿದ್ವಾಂಸರು ಬಂದಿದ್ದಾರೆ, ಬರಬೇಕಾದವರು ಮನೆತನದವರು.

ಇಷ್ಟು ಹೇಳಿ ಸಂಶೋಧಕರನ್ನು ಸುಮ್ಮನೆ ಬಿಟ್ಟರೆ ನ್ಯಾಯವಾಗುವುದಿಲ್ಲ. ಅವರಿಗೂ ನಾಲ್ಕು ಮಾತುಗಳುಂಟು.

ಸಮ್ಮತಿಪತ್ರವನ್ನು ಕನ್ನಡದಲ್ಲಿ ಕೊಡುತ್ತೇವೆಂದು ಹೇಳಿ, ಇಂಗ್ಲಿಷಿನ ವಾಕ್ಯಗಳ ಮೇಲೆ ಕನ್ನಡದ ಅಕ್ಷರಗಳನ್ನು ಹೊದಿಸಿದಂಥ ಹತ್ತಾರು ಪುಟಗಳನ್ನು ಮುಂದಿಟ್ಟರೆ, ರೋಗಿಯು ಓದದೆ ರುಜು ಹಾಕುವನು. ಅದು ಕಾನೂನಿನ ಸಮ್ಮತಿಯಾದೀತು, ತಿಳಿವಿನ ಸಮ್ಮತಿಯಾಗದು. ಒಬ್ಬ ಗೃಹಿಣಿ ಓದಿ ಇನ್ನೊಬ್ಬರಿಗೆ ಹೇಳಬಲ್ಲಂಥ ಕನ್ನಡ ಬೇಕು. ಇದಕ್ಕೆ ನಮ್ಮಂಥ ಸಂಘಗಳ ನೆರವನ್ನು ಅವರು ಕೇಳಲಿ. ಕೇಳಿದರೆ ಕೊಡುವುದು ನಮ್ಮ ಕರ್ತವ್ಯ.

ಎರಡನೆಯದಾಗಿ, ಪರದೇಶದ ತಟ್ಟೆಯನ್ನು ಇಲ್ಲಿಗೆ ತಂದಿಡಬಾರದು. ಸ್ಟ್ಯಾನ್‌ಫರ್ಡಿನ ಪಥ್ಯದಲ್ಲಿ ದಿನಕ್ಕೆ ಸುಮಾರು 20 ಗ್ರಾಂ ಪಿಷ್ಟ ಶರ್ಕರಗಳಿಗೆ ಮಾತ್ರ ಅವಕಾಶ. 100 ಗ್ರಾಂ ರಾಗಿಯ ಹಿಟ್ಟಿನಲ್ಲಿ ಅದು ಸುಮಾರು 67 ಗ್ರಾಂ. ಎಂದರೆ ನಮ್ಮ ಒಂದು ದೊಡ್ಡ ಮುದ್ದೆ ಅವರ ಮೂರು ದಿನದ ಪಾಲನ್ನೂ ಮೀರುತ್ತದೆ. ಮುದ್ದೆ, ಅನ್ನ, ಹುರುಳಿಸಾರುಗಳ ಮೇಲೆ ಬದುಕಿದ, ಬಹುಮಂದಿ ಮಾಂಸವನ್ನು ಮುಟ್ಟದ ನಮ್ಮ ಜನಕ್ಕೆ ಆ ಪಥ್ಯ ಹೊಂದುವುದೇ, ಅಥವಾ ಧಾನ್ಯವನ್ನು ಪೂರ್ತಿ ಬಿಡದೆ ಮಿತಗೊಳಿಸಿ, ಕಾಳು ತರಕಾರಿಗಳನ್ನು ಹೆಚ್ಚಿಸಿ, ಊಟದ ವೇಳೆಯನ್ನು ಕ್ರಮಪಡಿಸಿದರೆ ಸಾಕೇ ಎಂಬುದು ಇಲ್ಲಿನ ಜನರಲ್ಲಿಯೇ ನಿರ್ಣಯವಾಗಬೇಕಾದ ಪ್ರಶ್ನೆ. ದೇಶದಲ್ಲಿ ಮಧುಮೇಹಿಗಳು 10 ಕೋಟಿಗೆ ಮೇಲ್ಪಟ್ಟಿರುವರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿರುವಾಗ, ಇದು ಅಲ್ಪ ಪ್ರಶ್ನೆಯಲ್ಲ. ಎಡಿನ್‌ಬರೋದ 20 ಮಂದಿ ನಮ್ಮ ಪರವಾಗಿ ಉತ್ತರ ಹೇಳಲಾರರು.

ಮೂರನೆಯದು ಹೆಂಗಸರ ಮಾತು. ರೋಗಿಗೆ ಬೇರೆ ಅಡುಗೆ, ಪ್ರತಿ ತುತ್ತಿಗೂ ತೂಕ, ಪ್ರತಿದಿನವೂ ಬರೆಹ ಎಂದಾಗ ಆ ದುಡಿಮೆ ಬೀಳುವುದು ತಾಯಿಯ ಅಥವಾ ಹೆಂಡತಿಯ ಮೇಲೆ. ಸಂಶೋಧನೆಯ ಲೆಕ್ಕದಲ್ಲಿ ಆಕೆಯ ಹೆಸರಿಲ್ಲ. ಆಕೆಯ ಸಮ್ಮತಿಯನ್ನೂ ಕೇಳಬೇಕು, ಆಕೆಯ ಶ್ರಮಕ್ಕೆ ಆಧಾರವನ್ನೂ ಒದಗಿಸಬೇಕು. ಇಲ್ಲದಿದ್ದರೆ ಪಥ್ಯ ಮೂರು ವಾರದಲ್ಲಿ ಮುರಿದುಬಿದ್ದು, ‘ರೋಗಿ ಸಹಕರಿಸಲಿಲ್ಲ’ ಎಂಬ ವಾಕ್ಯ ವರದಿಯಲ್ಲಿ ಸೇರುವುದು.

ನಾಲ್ಕನೆಯದು, ಫಲವನ್ನು ತಿರುಗಿ ತಿಳಿಸುವುದು. ರಕ್ತವನ್ನೂ ಕಾಲವನ್ನೂ ಕೊಟ್ಟವರಿಗೆ, ಕೊನೆಯಲ್ಲಿ ಏನು ಕಂಡಿತೆಂಬುದನ್ನು, ಏನೂ ಕಾಣದಿದ್ದರೆ ಕಾಣಲಿಲ್ಲವೆಂಬುದನ್ನು, ಅವರ ಭಾಷೆಯಲ್ಲಿ ಒಂದು ಹಾಳೆಯಾದರೂ ಬರೆದು ಕಳುಹಿಸಬೇಕು. ಪರದೇಶದ ಪತ್ರಿಕೆಯಲ್ಲಿ ಅಚ್ಚಾದುದು ಯಲಹಂಕದ ಮನೆಗೆ ತಲಪುವುದಿಲ್ಲ. ಕೊಟ್ಟವರಿಗೆ ತಿಳಿಸದ ಸಂಶೋಧನೆಗೆ ಎರಡನೆಯ ಸಲ ಕೊಡುವವರು ಹುಟ್ಟುವುದಿಲ್ಲ.

ಸಂಶೋಧನೆಗೆ ಸೇರಿದವನಿಗೆ ಗುಣವಾಗಿಯೇ ಆಗುವುದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಪಥ್ಯೋಪದೇಶಕರ ಭಾಷೆ. ಅವನ ಪಾಲಿಗೆ ಪಥ್ಯವಿಲ್ಲದ ತಂಡವೇ ಬರಬಹುದು. ಪಥ್ಯ ಬಂದರೂ ನಿಷ್ಫಲವಾಗಬಹುದು. ಉನ್ಮಾದದ ಉಬ್ಬರದಲ್ಲಿರುವವನು, ಆತ್ಮಹತ್ಯೆಯ ಯೋಚನೆಯಿರುವವನು, ಗರ್ಭಿಣಿ, ಮೂತ್ರಪಿಂಡ ಕೆಟ್ಟವನು ಇಂಥ ಪಥ್ಯಪರೀಕ್ಷೆಗೆ ಹೋಗತಕ್ಕದ್ದೇ ಅಲ್ಲ. ಯಾವ ಸ್ಥಿತಿಯಲ್ಲಿಯೂ ವೈದ್ಯರನ್ನು ಕೇಳದೆ ಔಷಧವನ್ನು ಬಿಡತಕ್ಕದ್ದಲ್ಲ. ಆದರೆ ಇಂದು ನಮ್ಮ ಕೈಗೆ ಸಿಗುತ್ತಿರುವ ಲಿಥಿಯಂ ಮಾತ್ರೆ, ಹೆಸರೂ ತಿಳಿಯದ ಹತ್ತು ಮಂದಿ ಉನ್ಮಾದಿಗಳೂ ಅವರ ಹಿಂದೆ ಬಂದ ನೂರಾರು ಮಂದಿಯೂ ನಮಗೆ ಬಿಟ್ಟುಹೋದ ಋಣ. ದೇವಋಣ, ಋಷಿಋಣ, ಪಿತೃಋಣಗಳನ್ನು ಬಾಯಿಪಾಠ ಹೇಳುವ ನಾವು ಈ ಋಣವನ್ನು ಮಾತ್ರ ಪರದೇಶದವರೇ ತೀರಿಸಲೆಂದು ಕುಳಿತಿರುವುದು ಯೋಗ್ಯವಲ್ಲ.

ಆದುದರಿಂದ, ಇಂಥ ವ್ಯಾಧಿಯುಳ್ಳ ಮನೆಗಳವರಲ್ಲಿ ನನ್ನ ವಿಜ್ಞಾಪನೆ ದೊಡ್ಡದೇನಲ್ಲ. ಮುಂದಿನ ಸಲ ನಿಮ್ಮ ವೈದ್ಯರ ಬಳಿಗೆ ಹೋದಾಗ, ಮನೆಯಲ್ಲಿ ಗುಟ್ಟಾಗಿ ನಡೆಸುತ್ತಿರುವ ಪಥ್ಯ, ಉಪವಾಸ, ಕಷಾಯಗಳೇನಿದ್ದರೂ ಅವನ್ನು ಮೊದಲು ಹೇಳಿರಿ. ಆಮೇಲೆ ಒಂದು ಪ್ರಶ್ನೆ ಕೇಳಿರಿ: ‘ನಮ್ಮಂಥವರು ಸೇರಬಹುದಾದ ಸಂಶೋಧನೆ ಯಾವುದಾದರೂ ಈಗ ನಡೆಯುತ್ತಿದೆಯೇ? ಅದು ದಾಖಲಾಗಿದೆಯೇ? ಅದರ ಸಮ್ಮತಿಪತ್ರವನ್ನು ಮನೆಗೆ ಕೊಂಡುಹೋಗಿ ಓದಬಹುದೇ?’ ಓದಿ, ಮನೆಯವರೆಲ್ಲ ಕುಳಿತು ಯೋಚಿಸಿ, ಬೇಡವೆನಿಸಿದರೆ ಬೇಡವೆನ್ನಿರಿ. ಅದು ನಿಮ್ಮ ಹಕ್ಕು. ಓದದೆ, ಕೇಳದೆ, ನೆರೆಯವರು ಏನೆಂದಾರೋ ಎಂದು ಬೇಡವೆನ್ನುವುದು ಹಕ್ಕಲ್ಲ, ಅಂಜಿಕೆ. ವ್ಯಾಧಿಯಿಲ್ಲದ ಮನೆಗಳವರು ಮಾಡಬೇಕಾದುದು ಇನ್ನೂ ಸುಲಭ: ಪರೀಕ್ಷೆಯಾಗದ ಪಥ್ಯವನ್ನು ಇನ್ನೊಬ್ಬರ ಮನೆಯ ರೋಗಿಗೆ ಉಪದೇಶಿಸದಿರುವುದು.